ಬಡವರ ಪಾದಕ್ಕೆ ತಕ್ಕ ಚಪ್ಪಲಿ ಹುಡುಕಿದ ವೈದ್ಯ: ಡಾ. ಪೌಲ್ ಬ್ರ್ಯಾಂಡ್

ಕುಷ್ಠರೋಗಿಗಳ ಸೇವೆ ಎಂದಾಗ ನಮ್ಮ ಜನರಿಗೆ ಮೊದಲು ನೆನಪಾಗುವವರು ಮೊಲೊಕಾಯ್ ದ್ವೀಪದ ಸಂತ ಡೇಮಿಯನ್. ಅವರ ಬಳಿಕ ನೆನಪಾಗುವವರು ಮಂಗಳೂರಿನ ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್. ಆಶ್ರಯ, ಆರೈಕೆ, ಊಟ, ಪ್ರಾರ್ಥನೆ, ಅಂದು ಕೊಡಬಹುದಾಗಿದ್ದುದನ್ನೆಲ್ಲ ಇವರು ಕೊಟ್ಟರು. ಆದರೆ ಮುರುಟಿದ ಬೆರಳನ್ನು ಬಿಡಿಸುವ, ಸವೆದು ಹೋಗುವ ಪಾದವನ್ನು ಉಳಿಸುವ ದಾರಿ ಆ ಕಾಲದಲ್ಲಿ ತಿಳಿದಿರಲಿಲ್ಲ. ಆ ದಾರಿಯನ್ನು ಹುಡುಕಿದವರಲ್ಲಿ ಪ್ರಮುಖರು ವೆಲ್ಲೂರಿನ ಡಾ. ಪೌಲ್ ಬ್ರ್ಯಾಂಡ್. ಅವರು ಕಥೋಲಿಕರಲ್ಲ, ಬ್ಯಾಪ್ಟಿಸ್ಟ್ ಮಿಷನರಿಗಳ ಮಗ. ವೈದ್ಯಲೋಕದಲ್ಲಿ ಅವರ ಹೆಸರು ದೊಡ್ಡದು, ನಮ್ಮ ಧರ್ಮಕೇಂದ್ರಗಳಲ್ಲಿ ಮಾತ್ರ ಅಪರೂಪಕ್ಕೊಮ್ಮೆ ಕೇಳಿಬರುತ್ತದೆ. ಬಡವರಿಗಾಗಿ ಒಂದು ಸಾಧನವನ್ನು ರೂಪಿಸುವುದೆಂದರೇನು ಎಂಬುದನ್ನು ಅವರ ಬದುಕಿನಷ್ಟು ಚೆನ್ನಾಗಿ ತಿಳಿಸಿಕೊಡುವ ಬದುಕು ನಮಗೆ ಬೇರೆ ಕಂಡಿಲ್ಲ. ಆದ್ದರಿಂದ ಈ ಬಾರಿ ಅವರ ಜೀವನವನ್ನು ಓದುಗರ ಮುಂದಿಡುತ್ತಿದ್ದೇವೆ.

ಪೌಲ್ ಬ್ರ್ಯಾಂಡ್ ಹುಟ್ಟಿದ್ದು 1914ರ ಜುಲೈ 17ರಂದು, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆ ಜೆಸ್ಸಿ ಬ್ರ್ಯಾಂಡ್, ತಾಯಿ ಎವೆಲಿನ್. ಮಲೇರಿಯಾದ ಭಯಕ್ಕೆ ಹೊರಗಿನವರು ಕಾಲಿಡಲು ಹಿಂಜರಿಯುತ್ತಿದ್ದ ಬೆಟ್ಟಗಳವು. ರಸ್ತೆ ಇರಲಿಲ್ಲ. ಜೆಸ್ಸಿಯವರಿಗೆ ಕಟ್ಟಡದ ಕೆಲಸ ಗೊತ್ತಿತ್ತು, ಅಲ್ಪಸ್ವಲ್ಪ ವೈದ್ಯಕೀಯವೂ ಗೊತ್ತಿತ್ತು. ಹಲ್ಲು ಕೀಳುವುದು, ಗಾಯಕ್ಕೆ ಕಟ್ಟು ಹಾಕುವುದು, ಕಾಲಿನಿಂದ ಹೊರಬರುವ ನಾರು ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆದು ತೆಗೆಯುವುದು ಅವರ ನಿತ್ಯದ ಕೆಲಸ. ಮಗ ಬರಿಗಾಲಿನಲ್ಲಿ ಬೆಟ್ಟದ ಮಕ್ಕಳೊಡನೆ ಓಡಾಡಿ, ಮರ ಹತ್ತಿ ಬೆಳೆದ. ಬಂದ ರೋಗಿಗಳನ್ನೆಲ್ಲ ಬರಿಗೈಯಲ್ಲೇ ಮುಟ್ಟುತ್ತಿದ್ದ ತಂದೆ ಒಮ್ಮೆ ಮನೆಯ ಬಳಿ ಬಂದ ಕೆಲವು ಅಪರಿಚಿತರ ಕಾಲಿಗೆ ಕಟ್ಟು ಹಾಕುವಾಗ ಮಾತ್ರ ಕೈಗವಸು ಹಾಕಿಕೊಂಡರು, ಮಕ್ಕಳನ್ನು ಹತ್ತಿರ ಬರಗೊಡಲಿಲ್ಲ. ಬಂದವರು ಕುಷ್ಠರೋಗಿಗಳು. ಆ ಭಯ ಹುಡುಗನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

1923ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ತಂಗಿಯೊಡನೆ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ತಂದೆಯನ್ನು ಅವರು ಮತ್ತೆ ನೋಡಲಿಲ್ಲ. 1929ರ ಜೂನ್ ತಿಂಗಳಲ್ಲಿ ಜೆಸ್ಸಿ ಬ್ರ್ಯಾಂಡ್ ಕಪ್ಪುಮೂತ್ರ ಜ್ವರದಿಂದ ತೀರಿಕೊಂಡರು. ಸಾವಿನ ಸುದ್ದಿ ತಂತಿಯಲ್ಲಿ ಬೇಗ ಬಂತು, ತಂದೆ ಬರೆದಿದ್ದ ಪತ್ರಗಳು ಹಡಗಿನಲ್ಲಿ ನಿಧಾನವಾಗಿ ಬಂದವು. ಸಾವಿನ ಸುದ್ದಿ ತಲುಪಿದ ಮೇಲೂ ವಾರಗಳ ಕಾಲ ಮಗನಿಗೆ ತಂದೆಯ ಪತ್ರಗಳು ಬರುತ್ತಲೇ ಇದ್ದವು.

ಶಾಲೆ ಮುಗಿಸಿದ ಪೌಲ್ ವೈದ್ಯರಾಗಲು ಒಪ್ಪಲಿಲ್ಲ. ಹುಣ್ಣು, ಕೀವು, ರಕ್ತ ಎಂದರೆ ಅವರಿಗೆ ಹೇಸಿಗೆ. ತಂದೆಯಂತೆ ಕಟ್ಟಡದ ಕೆಲಸ ಕಲಿಯಲು ಹೊರಟು, ಸುಮಾರು ಐದು ವರ್ಷ ಬಡಗಿ ಕೆಲಸ, ಗಾರೆ ಕೆಲಸ, ಕಲ್ಲಿನ ಕೆಲಸ ಕಲಿತರು. ಮಿಷನ್ ಸೇವೆಗೆ ಬೇಕೆಂದು ಲಂಡನ್ನಿನ ಲಿವಿಂಗ್‌ಸ್ಟನ್ ಕಾಲೇಜಿನಲ್ಲಿ ಒಂದು ವರ್ಷದ ಪ್ರಾಥಮಿಕ ವೈದ್ಯಕೀಯ ತರಬೇತಿಗೆ ಸೇರಿದ್ದಾಗ ಒಂದು ರಾತ್ರಿ ಆಸ್ಪತ್ರೆಗೆ ಅಪಘಾತದಲ್ಲಿ ರಕ್ತ ಕಳೆದುಕೊಂಡ ತರುಣಿಯೊಬ್ಬಳನ್ನು ತಂದರು. ಉಸಿರು ನಿಂತಂತೆಯೇ ಇತ್ತು. ರಕ್ತ ಕೊಟ್ಟ ಮೇಲೆ ಆಕೆಯ ಬಿಳಿಚಿದ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು, ಕಣ್ಣು ತೆರೆದಳು. ಬ್ರ್ಯಾಂಡ್ ಅವರ ಮನಸ್ಸು ಅಲ್ಲಿಗೆ ತಿರುಗಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿ, ಯುದ್ಧಕಾಲದಲ್ಲಿ ಬಾಂಬಿನ ದಾಳಿಗೆ ಸಿಕ್ಕವರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಲೇ ಪಳಗಿದರು. 1943ರಲ್ಲಿ ಸಹಪಾಠಿ ಮಾರ್ಗರೆಟ್ ಬೆರಿಯವರನ್ನು ಮದುವೆಯಾದರು. ಬಡಗಿಯಾಗಿ ಕಳೆದ ಐದು ವರ್ಷ ವ್ಯರ್ಥವಾಯಿತೆಂದು ಆಗ ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಮುಂದೆ ಅವರ ಕೆಲಸಕ್ಕೆ ಅತಿ ಹೆಚ್ಚು ಒದಗಿಬಂದದ್ದು ಆ ಐದು ವರ್ಷವೇ.

ಡಾ. ಇಡಾ ಸ್ಕಡ್ಡರ್ ಅವರು ವೆಲ್ಲೂರಿನಲ್ಲಿ ಕಟ್ಟಿದ್ದ ಮಹಿಳಾ ವೈದ್ಯಕೀಯ ಶಾಲೆ ಆಗ ಪದವಿ ಕಾಲೇಜಾಗಿ ಮೇಲೇರಬೇಕಿತ್ತು. ಅದಕ್ಕೆ ಉನ್ನತ ಪದವಿ ಪಡೆದ ಶಸ್ತ್ರಚಿಕಿತ್ಸಕರು ಬೇಕಾಗಿದ್ದರು. ಕುಷ್ಠರೋಗ ತಜ್ಞ ಡಾ. ರಾಬರ್ಟ್ ಕಾಕ್ರೇನ್ ಅವರ ಒತ್ತಾಯಕ್ಕೆ ಮಣಿದು 1946ರಲ್ಲಿ ಬ್ರ್ಯಾಂಡ್ ವೆಲ್ಲೂರಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಲೇಡಿ ವಿಲ್ಲಿಂಗ್‌ಡನ್ ಕುಷ್ಠರೋಗ ಆಸ್ಪತ್ರೆಗೆ ಕಾಕ್ರೇನ್ ಅವರನ್ನು ಕರೆದುಕೊಂಡು ಹೋದರು. ಅಲ್ಲಿ ನೂರಾರು ರೋಗಿಗಳ ಕೈಗಳು ಹಕ್ಕಿಯ ಕಾಲಿನಂತೆ ಮಡಚಿಕೊಂಡಿದ್ದವು. ಮೂಳೆ ತಜ್ಞರು ಈ ರೋಗದ ಕಡೆ ಯಾಕೆ ತಿರುಗಿ ನೋಡುವುದಿಲ್ಲ ಎಂದು ಕಾಕ್ರೇನ್ ಕೇಳಿದರು. ಬ್ರ್ಯಾಂಡ್ ಅವರಲ್ಲಿ ಉತ್ತರವಿರಲಿಲ್ಲ. ಒಬ್ಬ ತರುಣ ರೋಗಿಯ ಕೈಯೊಳಗೆ ತಮ್ಮ ಕೈ ಇಟ್ಟು ಬಲವಾಗಿ ಹಿಡಿಯಲು ಹೇಳಿದರು. ಸತ್ತಂತೆ ಕಾಣುತ್ತಿದ್ದ ಆ ಕೈಯ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಅವರಿಗೆ ನೋವಾಗಿ ಕೂಗಬೇಕಾಯಿತು. ಹಿಡಿದವನಿಗೆ ತಾನು ಎಷ್ಟು ಒತ್ತುತ್ತಿದ್ದೇನೆಂದು ತಿಳಿದೇ ಇರಲಿಲ್ಲ.

ಆ ಒಂದು ಹಿಡಿತದಲ್ಲಿ ಎರಡು ಸಂಗತಿಗಳಿದ್ದವು. ಸ್ನಾಯುಗಳಲ್ಲಿ ಶಕ್ತಿ ಉಳಿದಿದೆ ಎಂಬುದು ಒಂದು, ಸ್ಪರ್ಶಜ್ಞಾನ ಹೋಗಿದೆ ಎಂಬುದು ಇನ್ನೊಂದು. ಮೊದಲನೆಯದು ಬ್ರ್ಯಾಂಡ್ ಅವರಿಗೆ ಅಂದೇ ಅರ್ಥವಾಯಿತು. ಎರಡನೆಯದರ ಪೂರ್ತಿ ಅರ್ಥ ತಿಳಿಯಲು ವರ್ಷಗಳೇ ಬೇಕಾದವು.

ಕುಷ್ಠರೋಗದಲ್ಲಿ ಮಾಂಸವೇ ಕೆಟ್ಟುಹೋಗುತ್ತದೆ, ಬೆರಳು ತಾನಾಗಿ ಉದುರುತ್ತದೆ, ಕತ್ತರಿಸಿ ಹೊಲಿದರೂ ಗಾಯ ಮಾಯುವುದಿಲ್ಲ ಎಂದು ಆಗ ಜನಸಾಮಾನ್ಯರಷ್ಟೇ ಅಲ್ಲ, ವೈದ್ಯರೂ ನಂಬಿದ್ದರು. ಚೆಂಗಲ್ಪಟ್ಟಿನಲ್ಲಿ ತೀರಿಕೊಂಡ ರೋಗಿಯೊಬ್ಬರ ದೇಹವನ್ನು ಪರೀಕ್ಷಿಸುವ ಅವಕಾಶ ಸಿಕ್ಕಾಗ ಬ್ರ್ಯಾಂಡ್ ಮತ್ತು ಸಹಾಯಕರು ಲಾಟೀನಿನ ಬೆಳಕಿನಲ್ಲಿ ರಾತ್ರಿಯೆಲ್ಲ ಕುಳಿತು ನರಗಳನ್ನು ಬಿಡಿಸಿ ನೋಡಿದರು. ನರಗಳು ಎಲ್ಲೆಂದರಲ್ಲಿ ಕೆಟ್ಟಿರಲಿಲ್ಲ. ಮೊಣಕೈ, ಮಣಿಕಟ್ಟು, ಮೊಣಕಾಲು, ಹರಡಿನ ಬಳಿ, ಅಂದರೆ ಚರ್ಮಕ್ಕೆ ಹತ್ತಿರವಾಗಿ ತಂಪಾಗಿರುವ ಕಡೆಗಳಲ್ಲಿ ಊದಿಕೊಂಡಿದ್ದವು. ರೋಗಾಣು ತಂಪನ್ನು ಬಯಸುತ್ತದೆ. ಆದ್ದರಿಂದ ಯಾವ ಸ್ನಾಯು ಸೋಲುತ್ತದೆ, ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಬಹುದಿತ್ತು. ಮುಂಗೈಯ ಮೇಲ್ಭಾಗದಲ್ಲಿ ಉಳಿದ ಸ್ನಾಯುವಿನ ಹುರಿಯನ್ನು ಬಿಡಿಸಿ, ಬೇರೆ ದಾರಿಯಲ್ಲಿ ತಂದು ಬೆರಳಿಗೆ ಜೋಡಿಸಿದರೆ ಮುರುಟಿದ ಬೆರಳು ಮತ್ತೆ ಬಿಡಿಸಿಕೊಳ್ಳಬೇಕು. ಸಾಮಾನ್ಯ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗೆ ಹಾಸಿಗೆ ಸಿಗುತ್ತಿರಲಿಲ್ಲ. ವೆಲ್ಲೂರು ಆಸ್ಪತ್ರೆಯ ಆವರಣದ ಒಂದು ಮಣ್ಣಿನ ಗೋಡೆಯ ಕೋಣೆಯಲ್ಲಿ ಈ ಕೆಲಸ ಆರಂಭವಾಯಿತು. ಶಸ್ತ್ರಚಿಕಿತ್ಸೆ ಮಾಡಿದ ಗಾಯಗಳು ಎಲ್ಲರ ಗಾಯಗಳಂತೆಯೇ ಮಾಯ್ದವು.

ಮೊದಲ ರೋಗಿಗಳಲ್ಲಿ ಒಬ್ಬ ಓದು ಬರಹ ಬಲ್ಲ ಹಿಂದೂ ತರುಣ. ರೋಗ ಬಂದ ಮೇಲೆ ಭಿಕ್ಷೆ ಬೇಡುತ್ತಿದ್ದ. ಒಂದೊಂದೇ ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ವ್ಯಾಯಾಮವಾಗಿ, ಕೊನೆಗೆ ಬೆರಳುಗಳಿಂದ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುವಂತಾದ. ಇದು ಸಣ್ಣ ಸಂಗತಿಯಲ್ಲ. ಚಮಚ ಕೊಟ್ಟು ಸಮಾಧಾನ ಹೇಳಬಹುದಿತ್ತು. ಆದರೆ ನಮ್ಮ ನಾಡಿನಲ್ಲಿ ಪಂಕ್ತಿಯಲ್ಲಿ ಕುಳಿತು ಎಲೆಯ ಮೇಲಿನ ಅನ್ನವನ್ನು ತನ್ನ ಬಲಗೈಯಿಂದ ಉಣ್ಣಲಾಗದವನು ಪಂಕ್ತಿಯಿಂದಲೇ ಹೊರಗಾಗುತ್ತಾನೆ. ತುತ್ತು ಹಿಡಿಯಬಲ್ಲ ಕೈ ಬೇಕಿತ್ತು, ಅದು ಸಿಕ್ಕಿತು.

ಆ ತರುಣ ಸಂತೋಷದಿಂದ ಊರಿಗೆ ಹೋದ. ಕೆಲವು ತಿಂಗಳ ಬಳಿಕ ಸೊರಗಿ ಮರಳಿ ಬಂದ. ಈ ಕೈಗಳು ತನಗೆ ಒಳ್ಳೆಯದು ಮಾಡಲಿಲ್ಲ ಎಂದು ದೂರಿದ. ಮುರುಟಿದ ಕೈ ನೋಡಿ ಜನ ಕಾಸು ಹಾಕುತ್ತಿದ್ದರು, ಈಗ ಹಾಕುವುದಿಲ್ಲ. ಮುಖದ ಮೇಲಿನ ಗುರುತು ನೋಡಿ ಕೆಲಸವನ್ನೂ ಕೊಡುವುದಿಲ್ಲ, ಬಾಡಿಗೆಗೆ ಕೋಣೆಯನ್ನೂ ಕೊಡುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಇದು ಅಪೂರ್ವ ಯಶಸ್ಸು. ಅವನ ಲೆಕ್ಕದಲ್ಲಿ ಇದ್ದ ಒಂದು ಜೀವನೋಪಾಯವೂ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಕೃತಘ್ನ ಎಂದು ಕಳುಹಿಸಿಬಿಡುತ್ತಿದ್ದರೇನೋ. ಬ್ರ್ಯಾಂಡ್ ಅವನ ಮಾತಿನಲ್ಲಿದ್ದ ನಿಜವನ್ನು ಒಪ್ಪಿಕೊಂಡರು. ಕೈಯನ್ನಷ್ಟೇ ಸರಿಪಡಿಸಿದರೆ ಸಾಲದು, ಆ ಕೈಗೆ ಕೆಲಸ ಬೇಕು, ಕೆಲಸಕ್ಕೆ ತಕ್ಕ ಹತ್ಯಾರು ಬೇಕು.

ಹೀಗೆ 1951ರಲ್ಲಿ ವೆಲ್ಲೂರಿನ ವೈದ್ಯಕೀಯ ಕಾಲೇಜಿನ ಜಾಗದಲ್ಲಿ ನವಜೀವ ನಿಲಯ ಆರಂಭವಾಯಿತು. ಇದನ್ನು ಕಟ್ಟಿದ ರೀತಿಯಲ್ಲೇ ಅವರ ವಿವೇಕ ಕಾಣುತ್ತದೆ. ವಾರ್ಡು, ಕಬ್ಬಿಣದ ಮಂಚ, ಸಿಮೆಂಟ್ ಕಟ್ಟಡ ಯಾವುದೂ ಇಲ್ಲ. ಮಣ್ಣಿನ ಗೋಡೆಗೆ ಸುಣ್ಣ ಬಳಿದ, ಹುಲ್ಲು ಹೊದೆಸಿದ ಗುಡಿಸಲುಗಳ ಒಂದು ಪುಟ್ಟ ಹಳ್ಳಿ. ಇಲ್ಲಿಂದ ಹೊರಟವರು ಇಂಥದೇ ಹಳ್ಳಿಗೆ ಮರಳಬೇಕು, ಅಲ್ಲಿ ನಲ್ಲಿಯೂ ಇರುವುದಿಲ್ಲ, ದಾದಿಯೂ ಇರುವುದಿಲ್ಲ. ಆದ್ದರಿಂದ ಕೈಕಾಲು ಉಳಿಸಿಕೊಳ್ಳುವುದನ್ನು ಹಳ್ಳಿಯ ಬದುಕಿನೊಳಗೇ ಕಲಿಯಬೇಕು ಎಂಬುದು ಅವರ ಆಲೋಚನೆ. ತಾವೇ ಬಡಗಿಯಾಗಿದ್ದವರು ರೋಗಿಗಳಿಗೆ ಮರದ ಆಟಿಕೆ ಮಾಡುವ ಕೆಲಸ ಕಲಿಸಿದರು.

ಅಲ್ಲಿ ಒಂದು ಒಗಟು ಎದುರಾಯಿತು. ಶಸ್ತ್ರಚಿಕಿತ್ಸೆ ಮುಗಿದು ಆರೋಗ್ಯವಾಗಿದ್ದ ಬೆರಳುಗಳಲ್ಲಿ ದಿನವೂ ಹೊಸ ಗಾಯ. ಬ್ರ್ಯಾಂಡ್ ಪ್ರತಿ ಗಾಯಕ್ಕೂ ಕಾರಣ ಹುಡುಕಲು ಹೊರಟರು. ಸುತ್ತಿಗೆಯ ಹಿಡಿಯ ಸಿಬಿರು ಒಬ್ಬನ ಅಂಗೈ ಸೀಳಿತ್ತು. ಬಿಸಿ ಲೋಟ ಇನ್ನೊಬ್ಬನ ಬೆರಳು ಸುಟ್ಟಿತ್ತು. ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರ್ಯಾಂಡ್ ಸ್ವತಃ ಒದ್ದಾಡುತ್ತಿದ್ದಾಗ ಚಿಕ್ಕ ಹುಡುಗನೊಬ್ಬ ಮುಂದೆ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿದ. ಮೆಚ್ಚಿ ಅವನ ಕೈ ನೋಡಿದರೆ ಕೀಲಿಯ ಅಂಚು ಬೆರಳಿನ ಮಾಂಸ ಕತ್ತರಿಸಿ ಮೂಳೆ ಕಾಣುತ್ತಿತ್ತು. ಹುಡುಗನಿಗೆ ಗೊತ್ತೇ ಆಗಿರಲಿಲ್ಲ. ಕೆಲವರ ಬೆರಳ ತುದಿ ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು. ಕಾವಲು ಕುಳಿತು ನೋಡಿದಾಗ ತಿಳಿಯಿತು, ನಿದ್ರಿಸುವವರ ಬೆರಳನ್ನು ಇಲಿಗಳು ಕಡಿಯುತ್ತಿದ್ದವು, ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅಂದಿನಿಂದ ನವಜೀವ ನಿಲಯದಿಂದ ಊರಿಗೆ ಹೊರಟವರ ಜೊತೆ ಒಂದು ಬೆಕ್ಕನ್ನೂ ಕಳುಹಿಸಿಕೊಡುವ ಪದ್ಧತಿ ಬಂತು. ಓದಿದವರು ನಗಬಹುದು. ಆದರೆ ಬಡವನ ಮನೆಯಲ್ಲಿ ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಂಡು, ರಾತ್ರಿಯಿಡೀ ಕಾವಲು ಕಾಯುವ ಇದಕ್ಕಿಂತ ಒಳ್ಳೆಯ ಆರೋಗ್ಯ ಸಾಧನ ಯಾವುದಿದೆ?

ಬೆರಳು ಉದುರುತ್ತಿರಲಿಲ್ಲ. ನೋವು ಇಲ್ಲದ್ದರಿಂದ ದಿನದಿನವೂ ಸವೆಯುತ್ತಿತ್ತು. ಸಂತ ಡೇಮಿಯನ್ ಅವರಿಗೆ ತಮಗೆ ರೋಗ ತಗಲಿದ್ದು ತಿಳಿದದ್ದು ಕುದಿಯುವ ನೀರಿನಲ್ಲಿ ಕಾಲಿಟ್ಟಾಗ ಬಿಸಿ ತಾಗದಿದ್ದುದರಿಂದ ಎಂಬುದನ್ನು ಓದುಗರು ಬಲ್ಲರು. ಬ್ರ್ಯಾಂಡ್ ಅವರಿಗೂ ಅಂಥ ಒಂದು ರಾತ್ರಿ ಬಂತು. ದೂರದ ಪ್ರಯಾಣ ಮುಗಿಸಿ ಲಂಡನ್ನಿನಲ್ಲಿ ತಂಗಿದ್ದಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲವೆಂದು ಅನಿಸಿತು. ಸೂಜಿ ಚುಚ್ಚಿ ನೋಡಿದರು, ನೋವಾಗಲಿಲ್ಲ. ಹೆಂಡತಿ ಮಕ್ಕಳಿಂದ ದೂರವಾಗಬೇಕು, ಕೆಲಸ ಮುಗಿಯಿತು ಎಂದುಕೊಂಡು ರಾತ್ರಿ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿದಾಗ ನೋವಿನಿಂದ ಕೂಗಿದರು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಒತ್ತಿಹೋಗಿತ್ತು, ಅಷ್ಟೇ. ನೋವನ್ನು ದೇವರ ವರವೆಂದು ಅವರು ಮುಂದೆ ಎಲ್ಲೆಡೆ ಸಾರಿದ್ದರ ಹಿಂದೆ ಆ ರಾತ್ರಿಯೂ ಇದೆ.

ಕೈಗಿಂತ ಕಷ್ಟದ್ದು ಕಾಲು. ಅಂಗಾಲಿನ ಹುಣ್ಣು ವಾಸಿಯಾಗುವುದೇ ಇಲ್ಲ ಎಂಬ ಮಾತಿತ್ತು. ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಟ್ಟರೆ ಅದು ಮಾಯುತ್ತದೆ ಎಂದು ಅವರಿಗಿಂತ ಮೊದಲೇ ಕೆಲವರು ಕಂಡುಕೊಂಡಿದ್ದರು, ಬ್ರ್ಯಾಂಡ್ ಅದನ್ನು ಕ್ರಮಬದ್ಧವಾಗಿ ಬಳಸಿದರು. ಪಾದದ ಆಕಾರಕ್ಕೇ ಅಂಟಿಕೊಳ್ಳುವಂತೆ ಹಾಕಿದ ಪ್ಲಾಸ್ಟರಿನಲ್ಲಿ ಮೈಭಾರ ಒಂದೇ ಕಡೆ ಬೀಳದೆ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ವಾರಗಳಲ್ಲಿ ಹುಣ್ಣು ಮಾಯುತ್ತಿತ್ತು. ಪ್ಲಾಸ್ಟರ್ ಬಿಚ್ಚಿ ನಡೆದರೆ ಮತ್ತೆ ಬರುತ್ತಿತ್ತು. ಆರೋಗ್ಯವಂತರು ಬಹಳ ನಡೆದಾಗ ತಮಗೇ ಅರಿವಿಲ್ಲದೆ ಹೆಜ್ಜೆ ಬದಲಿಸುತ್ತಾರೆ, ಸ್ವಲ್ಪ ಕುಂಟುತ್ತಾರೆ, ಭಾರವನ್ನು ಬದಿಗೆ ಹಾಕುತ್ತಾರೆ. ಸ್ಪರ್ಶವಿಲ್ಲದವರು ಸಾವಿರ ಹೆಜ್ಜೆಯನ್ನೂ ಒಂದೇ ರೀತಿ, ಹೆಬ್ಬೆರಳಿನ ಬುಡದ ಅದೇ ಮೂಳೆಯ ಮೇಲೆ ಹಾಕುತ್ತಾರೆ. ಮೊಳೆಯೂ ಬೇಡ, ಮುಳ್ಳೂ ಬೇಡ, ತಮ್ಮ ನಡಿಗೆಯೇ ಅವರ ಪಾದವನ್ನು ಒಳಗಿನಿಂದ ಜಜ್ಜುತ್ತದೆ.

ಹಾಗಾದರೆ ಬೂಟು ಕೊಡೋಣವೆಂದರೆ? ತಮಿಳುನಾಡಿನ ಬಿಸಿಲಿನಲ್ಲಿ ಬೂಟಿನೊಳಗೆ ಪಾದ ಬೇಯುತ್ತದೆ, ಬಿಗಿಯಾದರೆ ಬದಿಯಲ್ಲಿ ಹೊಸ ಹುಣ್ಣು. ಗದ್ದೆಗಿಳಿಯುವವನಿಗೆ ಬೂಟು ಆಗುವುದಿಲ್ಲ. ಮನೆಯೊಳಗೆ ಹೋಗುವಾಗ, ದೇವಸ್ಥಾನಕ್ಕೆ ಹೋಗುವಾಗ ಬಾಗಿಲಲ್ಲೇ ಬಿಡಬೇಕು. ಮರ, ಪ್ಲಾಸ್ಟಿಕ್, ರಬ್ಬರ್ ಹೀಗೆ ಹಲವು ವಸ್ತುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಒಬ್ಬರ ಕಾಲಿಗೆ ಹಿತವಾದದ್ದು ಇನ್ನೊಬ್ಬರಿಗೆ ಗಾಯ ಮಾಡುತ್ತಿತ್ತು. ಚಪ್ಪಲಿ ಹೊಲಿಯುವ ಕೆಲಸವನ್ನೇ ಕೀಳಾಗಿ ಕಾಣುವ ನಾಡಿನಲ್ಲಿ ಲಂಡನ್ನಿನಲ್ಲಿ ಕಲಿತ ಶಸ್ತ್ರಚಿಕಿತ್ಸಕರೊಬ್ಬರು ಚಪ್ಪಲಿಗಾಗಿ ಇಷ್ಟು ತಲೆ ಕೆಡಿಸಿಕೊಂಡದ್ದೇ ನಮಗೆ ಅವರ ಯಾವ ಶಸ್ತ್ರಚಿಕಿತ್ಸೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ವೆಲ್ಲೂರು ಹಾಗೂ ಕರಿಗಿರಿಯಲ್ಲಿ ನೆಲೆನಿಂತದ್ದು ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ. ಆರೋಗ್ಯ ಕಾರ್ಯಕರ್ತರು ಎಂ.ಸಿ.ಆರ್. ಚಪ್ಪಲಿ ಎನ್ನುವುದು ಇದನ್ನೇ. ಈ ರಬ್ಬರಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಗುಳ್ಳೆಗಳಿರುತ್ತವೆ. ಒತ್ತಿದರೆ ತಗ್ಗುತ್ತದೆ, ಆದರೆ ಸ್ಪಂಜಿನಂತೆ ಪೂರ್ತಿ ಚಪ್ಪಟೆಯಾಗುವುದಿಲ್ಲ. ಅದರ ಕೆಳಗೆ ಮುಳ್ಳು ತೂರದಂತೆ ಗಟ್ಟಿ ಅಟ್ಟೆ, ಹಳೆಯ ಟೈರಿನ ತುಂಡಾದರೂ ಆದೀತು. ಎಲ್ಲಿಯೂ ಮೊಳೆ ಹೊಡೆಯಬಾರದು, ಅಂಟಿಸಬೇಕು ಅಥವಾ ಹೊಲಿಯಬೇಕು. ಸವೆದಾಗ ಮೇಲೆದ್ದ ಮೊಳೆ ಪಾದದೊಳಗೆ ಹೊಕ್ಕರೂ ಧರಿಸಿದವನಿಗೆ ತಿಳಿಯುವುದಿಲ್ಲ. ಹವಾಯಿ ಚಪ್ಪಲಿಯಂತೆ ಬೆರಳ ಸಂದಿಗೆ ಪಟ್ಟಿ ಇರಬಾರದು, ಅದು ಉಜ್ಜಿ ಹುಣ್ಣಾಗುತ್ತದೆ, ಬೆರಳಿಗೆ ಅದನ್ನು ಹಿಡಿದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಪಾದದ ಮೇಲೆ ಅಗಲದ ಪಟ್ಟಿ, ಹಿಮ್ಮಡಿಯ ಹಿಂದೆ ಇನ್ನೊಂದು ಪಟ್ಟಿ. ಇಲ್ಲದಿದ್ದರೆ ಚಪ್ಪಲಿ ದಾರಿಯಲ್ಲಿ ಕಳಚಿಬಿದ್ದರೂ ಗೊತ್ತಾಗದು. ಇಷ್ಟೆಲ್ಲವನ್ನೂ ಊರಿನಲ್ಲಿ ಚಪ್ಪಲಿ ಹೊಲಿಯುವವರೇ ಮಾಡಬಹುದು, ರಿಪೇರಿಯೂ ಅಲ್ಲೇ ಆಗುತ್ತದೆ.

ಇದರ ಜೊತೆಗೆ ಇನ್ನೊಂದು ಅಭ್ಯಾಸ ಕಲಿಸಿದರು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಪ್ರತಿದಿನ ಸಂಜೆ ಕುಳಿತು ಕೈ ಕಾಲುಗಳನ್ನು ಕಣ್ಣಿನಿಂದ ಪರೀಕ್ಷಿಸುವುದು. ಕೆಂಪಾಗಿದೆಯೇ, ಊದಿದೆಯೇ, ಒಂದು ಜಾಗ ಉಳಿದ ಕಡೆಗಿಂತ ಬೆಚ್ಚಗಿದೆಯೇ? ಇದ್ದರೆ ಮರುದಿನ ನಡಿಗೆ ಕಡಿಮೆ. ನರ ಮಾಡಬೇಕಾದ ಕೆಲಸವನ್ನು ಕಣ್ಣು ಮಾಡುತ್ತದೆ.

ಪತ್ನಿ ಮಾರ್ಗರೆಟ್ ಕಣ್ಣಿನ ವೈದ್ಯೆಯಾಗಿ, ರೆಪ್ಪೆ ಮುಚ್ಚಲಾಗದೆ ಕುರುಡಾಗುತ್ತಿದ್ದ ಕುಷ್ಠರೋಗಿಗಳ ದೃಷ್ಟಿ ಉಳಿಸುವ ಕೆಲಸದಲ್ಲಿ ತೊಡಗಿದರು. ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಕಿರಿಯ ವೈದ್ಯೆ ಡಾ. ಮೇರಿ ವರ್ಗೀಸ್ ಅವರನ್ನು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಹುರಿದುಂಬಿಸಿದವರೂ ಬ್ರ್ಯಾಂಡ್ ಅವರೇ. ವೆಲ್ಲೂರಿನ ಸಮೀಪ ಕರಿಗಿರಿಯಲ್ಲಿ 1955ರಲ್ಲಿ ಕುಷ್ಠರೋಗ ಸಂಶೋಧನಾ ಕೇಂದ್ರ ಆರಂಭವಾಯಿತು. ಹಲವು ದೇಶಗಳ ಶಸ್ತ್ರಚಿಕಿತ್ಸಕರು ಕಲಿಯಲು ಬಂದರು. 1960ರಲ್ಲಿ ಅವರಿಗೆ ಆಲ್ಬರ್ಟ್ ಲಾಸ್ಕರ್ ಪ್ರಶಸ್ತಿ ಬಂತು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಹಣವಿತ್ತು, ಇಂಜಿನಿಯರುಗಳಿದ್ದರು. ನೋವಿನ ಕೊರತೆಯನ್ನು ಯಂತ್ರದಿಂದ ತುಂಬಬಹುದೇ ಎಂದು ಅವರು ಒಂದು ದೊಡ್ಡ ಯೋಜನೆ ಕೈಗೊಂಡರು. ಒತ್ತಡ ಅಳೆಯುವ ಸೂಕ್ಷ್ಮ ಸಾಧನಗಳನ್ನು ಕೈಗವಸು ಮತ್ತು ಕಾಲುಚೀಲದಲ್ಲಿ ಅಳವಡಿಸಿದರು. ಒತ್ತಡ ಮಿತಿಮೀರಿದರೆ ಕಿವಿಯಲ್ಲಿ ಸದ್ದು. ಸದ್ದನ್ನು ಜನ ಲಕ್ಷಿಸಲಿಲ್ಲ. ಬಳಿಕ ಕಂಕುಳಿಗೆ ವಿದ್ಯುತ್ ಆಘಾತ ಕೊಡುವಂತೆ ಮಾಡಿದರು. ಕೆಲಸ ಮುಗಿಸುವ ಆತುರವಿದ್ದಾಗ ಜನ ಸ್ವಿಚ್ ಆರಿಸಿ, ಕೆಲಸ ಮುಗಿಸಿ, ಮತ್ತೆ ಸ್ವಿಚ್ ಹಾಕುತ್ತಿದ್ದರು. ಸಾಧನಗಳು ದುಬಾರಿ, ಬೇಗ ಹಾಳಾಗುತ್ತಿದ್ದವು. ವರ್ಷಗಳ ಪ್ರಯತ್ನದ ಬಳಿಕ ಯೋಜನೆಯನ್ನು ಕೈಬಿಡಬೇಕಾಯಿತು. ಈ ಸೋಲನ್ನು ಬ್ರ್ಯಾಂಡ್ ಮುಚ್ಚಿಡಲಿಲ್ಲ, ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ವಿದ್ಯುನ್ಮಾನ ಕೈಗವಸು ಉಳಿಯಲಿಲ್ಲ, ರಬ್ಬರಿನ ಚಪ್ಪಲಿ ಉಳಿಯಿತು. ಯಂತ್ರ ಕೆಟ್ಟದ್ದು, ಚಪ್ಪಲಿ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಚಪ್ಪಲಿಯನ್ನು ಜನ ಮೊದಲೇ ಬಲ್ಲರು, ದಿನವೂ ಹಾಕಿ ಬಿಚ್ಚುತ್ತಾರೆ, ಅದಕ್ಕೆ ಸ್ವಿಚ್ ಇಲ್ಲ. ಜೈಪುರದಲ್ಲಿ 1968ರ ಸುಮಾರಿಗೆ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅವರು ರೂಪಿಸಿದ ಕೃತಕ ಕಾಲಿನ ಕಥೆಯೂ ಇಂಥದೇ. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಬರಿಗಾಲಲ್ಲಿ ಗದ್ದೆಗಿಳಿಯಲು ಬಾರದ ವಿದೇಶಿ ಕಾಲು ನಮ್ಮ ರೈತನಿಗೆ ಮೂಲೆಯಲ್ಲಿಡುವ ವಸ್ತುವಾಗಿತ್ತು.

ಕಾರ್ವಿಲ್‌ನಲ್ಲಿ ಆದ ಇನ್ನೊಂದು ಕೆಲಸ ನಮ್ಮ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ರಕ್ತಸಂಚಾರ ಕಡಿಮೆಯಾದದ್ದೇ ಕಾರಣ, ಕೊನೆಗೆ ಕಾಲು ಕತ್ತರಿಸದೆ ಗತಿಯಿಲ್ಲ ಎಂದು ಅಲ್ಲಿನ ಹೆಚ್ಚಿನ ವೈದ್ಯರು ಭಾವಿಸಿದ್ದರು. ಬ್ರ್ಯಾಂಡ್ ಆ ಹುಣ್ಣುಗಳನ್ನು ನೋಡಿದಾಗ ಅವರಿಗೆ ಕಂಡದ್ದು ವೆಲ್ಲೂರಿನ ಹುಣ್ಣುಗಳೇ. ಅದೇ ಜಾಗ, ಅದೇ ಆಕಾರ. ಅಲ್ಲಿಯೂ ನರದ ಸ್ಪರ್ಶ ಹೋಗಿತ್ತು. ಅದೇ ಪ್ಲಾಸ್ಟರ್, ಅದೇ ಬಗೆಯ ಪಾದರಕ್ಷೆ, ಅದೇ ಸಂಜೆಯ ಪರೀಕ್ಷೆಯಿಂದ ಅನೇಕರ ಕಾಲು ಉಳಿಯಿತು. ರೋಗಿ ಬಂದೊಡನೆ ಬೂಟು ಬಿಚ್ಚಿಸಿ ಪಾದ ನೋಡಿರೆಂದು ವೈದ್ಯರಿಗೆ ಹೇಳುತ್ತಾ ಹೋದರು. ಭಾರತದ ಕಡುಬಡವರಿಗಾಗಿ ಕಂಡುಕೊಂಡದ್ದು ಹೀಗೆ ಸಿರಿವಂತ ದೇಶದ ಆಸ್ಪತ್ರೆಗಳನ್ನು ಸೇರಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಕರಾವಳಿಯ ಯಾವ ವಾಳೆಯಲ್ಲಿ ಕೇಳಿದರೂ ಕಾಲಿನ ಬೆರಳು ತೆಗೆಸಿಕೊಂಡ ಹಿರಿಯರೊಬ್ಬರು ಸಿಗುತ್ತಾರೆ.

ಬ್ರ್ಯಾಂಡ್ ಅವರ ತಾಯಿ ಎವೆಲಿನ್ ಗಂಡ ತೀರಿದ ಮೇಲೂ ಭಾರತ ಬಿಡಲಿಲ್ಲ. ಮಿಷನ್ ನಿವೃತ್ತಿ ಕೊಟ್ಟ ಮೇಲೆ ತಾವಾಗಿಯೇ ಬೆಟ್ಟಕ್ಕೆ ಮರಳಿ, ಊರುಗೋಲು ಹಿಡಿದು, ಕುದುರೆಯ ಮೇಲೆ ಕುಳಿತು ಹಳ್ಳಿ ಹಳ್ಳಿ ತಿರುಗಿದರು. 1974ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ 1986ರಲ್ಲಿ ಕಾರ್ವಿಲ್‌ನಿಂದ ನಿವೃತ್ತರಾಗಿ ಸಿಯಾಟಲ್ ನಗರದಲ್ಲಿ ನೆಲಸಿದರು. 2003ರ ಜುಲೈ 8ರಂದು, 89 ತುಂಬಲು ಒಂಬತ್ತು ದಿನಗಳಿದ್ದಾಗ, ಅಲ್ಲಿಯೇ ನಿಧನರಾದರು.

ಚಪ್ಪಲಿಯ ಕಥೆಯಲ್ಲಿ ಇನ್ನೊಂದು ತಿರುವಿದೆ, ಅದನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಎಂ.ಸಿ.ಆರ್. ಚಪ್ಪಲಿ ದೇಶದ ತುಂಬ ಹರಡಿದ ಮೇಲೆ ಜನರು ಅದರ ಕಪ್ಪು ಬಣ್ಣ, ದಪ್ಪ ಅಟ್ಟೆ, ಅಗಲ ಪಟ್ಟಿಗಳನ್ನು ಗುರುತಿಸತೊಡಗಿದರು. ಚಪ್ಪಲಿ ನೋಡಿದೊಡನೆ ಧರಿಸಿದವನ ರೋಗ ಊರಿಗೆ ತಿಳಿಯುತ್ತಿತ್ತು. ಪಾದ ಉಳಿಸುವ ಚಪ್ಪಲಿಯೇ ಮಾನ ಕಳೆಯುತ್ತದೆ ಎಂದು ಹಲವರು, ಅದರಲ್ಲೂ ಹೆಂಗಸರು, ಅದನ್ನು ಮನೆಯ ಮೂಲೆಯಲ್ಲಿಟ್ಟು ಬರಿಗಾಲಲ್ಲೇ ನಡೆದರು. ಹುಣ್ಣು ಮತ್ತೆ ಬಂತು. ಆದ್ದರಿಂದ ಕುಷ್ಠರೋಗ ಆಸ್ಪತ್ರೆಗಳ ಚಪ್ಪಲಿ ವಿಭಾಗಗಳು ಒಳಗಿನ ರಬ್ಬರನ್ನು ಹಾಗೇ ಉಳಿಸಿಕೊಂಡು, ಹೊರಗಿನ ಬಣ್ಣ ಮತ್ತು ಪಟ್ಟಿಗಳನ್ನು ಪೇಟೆಯ ಅಂಗಡಿಯ ಚಪ್ಪಲಿಯಂತೆ ಕಾಣುವ ಹಾಗೆ ಬದಲಿಸತೊಡಗಿದವು.

2005ರ ಡಿಸೆಂಬರ್‌ನಲ್ಲಿ ಭಾರತ ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದ್ದೇವೆಂದು ಘೋಷಿಸಿತು. ಆದರೂ 2023ರಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗಿದ್ದಾರೆ, ಇದು ಜಗತ್ತಿನ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು. ಔಷಧಿ ಉಚಿತ. ಸ್ಪರ್ಶ ಕಳೆದುಕೊಂಡ ಪಾದದವರಿಗೆ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಎಂ.ಸಿ.ಆರ್. ಚಪ್ಪಲಿಯನ್ನೂ ಉಚಿತವಾಗಿ ಕೊಡಲಾಗುತ್ತದೆ. ಮನೆ ಭೇಟಿಗೆ ಹೋಗುವ ನಮ್ಮ ಧರ್ಮಭಗಿನಿಯರು ಮತ್ತು ಆರೋಗ್ಯ ಸಮಿತಿಯ ಸದಸ್ಯರು, ಕುಷ್ಠರೋಗದಿಂದ ಗುಣವಾದವರ ಮತ್ತು ಸಕ್ಕರೆ ಕಾಯಿಲೆಯವರ ಪಾದಗಳನ್ನು ಒಮ್ಮೆ ನೋಡಲು ಕೇಳಿಕೊಳ್ಳಲಿ. ಹೆಬ್ಬೆರಳಿನ ಬುಡದಲ್ಲಿ ದಪ್ಪಗಟ್ಟಿದ ಚರ್ಮ, ಒಂದೇ ಕಡೆ ಬಿಸಿ, ಚಪ್ಪಲಿ ಕಳಚಿದರೂ ತಿಳಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ಹುಣ್ಣಾಗುವವರೆಗೆ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಚಪ್ಪಲಿ ಸಿಕ್ಕಿದ ಮೇಲೆ ತಿಂಗಳ ಬಳಿಕ ಇನ್ನೊಮ್ಮೆ ಆ ಮನೆಗೆ ಹೋಗಿ, ಅದು ಕಾಲಿನಲ್ಲಿದೆಯೋ ಮೂಲೆಯಲ್ಲಿದೆಯೋ ನೋಡಬೇಕು. ಮೂಲೆಯಲ್ಲಿದ್ದರೆ ಯಾಕೆಂದು ಕೇಳಬೇಕು.